ಕಡತದ ಒಡೆತನ ಹಾಗೂ ಗುಂಪಿನ ಅನುಮತಿ

ಹಲವರು ಹಂಚಿಕೊಂಡು ಬಳಸುವ ಗಣಕಯಂತ್ರದಲ್ಲಿ ಯಾವ ಕಡತವನ್ನು ಯಾರು ಓದಬಹುದು, ಯಾರು ತಿದ್ದಬಹುದು ಎಂಬುದನ್ನು ನಿರ್ಧರಿಸುವ ಏರ್ಪಾಡೇ ಕಡತದ ಅನುಮತಿ. ಇದರ ಮಹತ್ವವನ್ನು ರಾಜ್ಯದ ರೈತರು ಅರಿತದ್ದು ಪಹಣಿಯ ಮೂಲಕ. ಕೈಬರಹದ ಕಾಲದಲ್ಲಿ ಪಹಣಿ ಗ್ರಾಮಲೆಕ್ಕಿಗರ ವಶದಲ್ಲಿರುತ್ತಿತ್ತು. ತಿದ್ದಿದವರಾರೆಂದು ಪತ್ತೆಹಚ್ಚುವುದು ಕಷ್ಟವಾಗಿತ್ತು. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳನ್ನು ಗಣಕೀಕರಿಸಿದ ‘ಭೂಮಿ’ ಯೋಜನೆಯು ಬೆರಳಚ್ಚಿನ ಗುರುತಿನ ಮೂಲಕ ತಿದ್ದುವ ಅಧಿಕಾರವನ್ನು ನಿಯೋಜಿತ ಸಿಬ್ಬಂದಿಗೆ ಸೀಮಿತಗೊಳಿಸಿತು.

ಇದೇ ತತ್ತ್ವದ ಸರಳ ರೂಪ, 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಯುನಿಕ್ಸ್ ಹಾಗೂ ಅದರ ಮಾದರಿಯ ಲಿನಕ್ಸ್‌ನಲ್ಲಿದೆ. ಪ್ರತಿ ಕಡತಕ್ಕೂ ಒಬ್ಬ ಒಡೆಯ, ಒಂದು ಗುಂಪು ಇರುತ್ತದೆ, ಉಳಿದವರೆಲ್ಲ ಇತರರು. ಓದಲು 4, ಬರೆಯಲು 2, ಚಲಾಯಿಸಲು 1 ಎಂಬ ಅಂಕಗಳನ್ನು ಕೂಡಿಸಿ ಪ್ರತಿಯೊಬ್ಬರ ಹಕ್ಕನ್ನು ಸೂಚಿಸಲಾಗುತ್ತದೆ. 640 ಎಂದರೆ ಒಡೆಯ ಓದಿ ಬರೆಯಬಹುದು, ಗುಂಪು ಓದಬಹುದಷ್ಟೆ, ಇತರರಿಗೆ ಪ್ರವೇಶವಿಲ್ಲ. ಈ ಅಂಕ ಬದಲಿಸಲು ‘ಚ್‌ಮಾಡ್’, ಒಡೆಯನನ್ನು ಬದಲಿಸಲು ‘ಚ್‌ಓನ್’, ಗುಂಪಿಗೆ ‘ಚ್‌ಗ್ರೂಪ್’ ಆದೇಶಗಳಿವೆ. ಲಿನಕ್ಸ್‌ನಲ್ಲಿ ಒಡೆತನದ ಬದಲಾವಣೆ ಸಾಮಾನ್ಯವಾಗಿ ವ್ಯವಸ್ಥಾಪಕನಿಗೆ ಮಾತ್ರ ಸಾಧ್ಯ.

ಸಹೋದ್ಯೋಗಿಗಳು ಜೊತೆಗೂಡಿ ತಿದ್ದಬೇಕಾದ ಕಡತಕೋಶಕ್ಕೆ 2770 ಸೂಕ್ತ. ಮೊದಲ 2ರಿಂದಾಗಿ ಅಲ್ಲಿ ಸೃಷ್ಟಿಯಾಗುವ ಹೊಸ ಕಡತಗಳು ಕೋಶದ ಗುಂಪಿಗೇ ಸೇರುತ್ತವೆ. ಆದರೆ ಬಳಕೆದಾರರ ‘ಯುಮಾಸ್ಕ್’ 022 ಆಗಿದ್ದರೆ ಗುಂಪಿಗೆ ಬರೆಯುವ ಹಕ್ಕು ದೊರೆಯದು. ಅದು 002 ಇರಬೇಕು. ಕಡತವನ್ನು ಅಳಿಸುವ ಹಕ್ಕು ಕಡತದ್ದಲ್ಲ, ಕೋಶದ್ದು. ಪರರ ಕಡತಗಳನ್ನು ಅಳಿಸದಂತೆ ತಡೆಯಲು 3770 ಬಳಸಬೇಕು. ತೊಂದರೆ ಎದುರಾದೊಡನೆ 777 ಕೊಟ್ಟುಬಿಡುವುದು ಕಚೇರಿಯ ಬೀಗವನ್ನೇ ಕಿತ್ತಂತೆ.

ಆಡಳಿತ ಬದಲಾದಾಗ ಅನುಮತಿಯೂ ಬದಲಾಗಬೇಕು. 2017-18ರ ಆಯವ್ಯಯದಲ್ಲಿ ಘೋಷಿತವಾದ 49 ಹೊಸ ತಾಲ್ಲೂಕುಗಳಲ್ಲಿ ಕಮಲಾಪುರವೂ ಒಂದು. ಅದಕ್ಕೂ ಮುನ್ನ ಅದು ಕಲಬುರಗಿ ತಾಲ್ಲೂಕಿನ ಭಾಗವಾಗಿತ್ತು. ಇಂಥ ವಿಭಜನೆಯಾದಾಗ ಯಾವುದೇ ಹಂಚಿಕೆಯ ವ್ಯವಸ್ಥೆಯಲ್ಲಿ ಹೊಸ ಗುಂಪನ್ನು ರಚಿಸಿ, ಕಡತಗಳನ್ನು ಅದಕ್ಕೆ ವರ್ಗಾಯಿಸಿ, ಹಳೆಯ ಕಚೇರಿಯ ಬರೆಯುವ ಹಕ್ಕನ್ನು ಹಿಂಪಡೆಯಬೇಕಾಗುತ್ತದೆ. ವರ್ಗವಾದ ನೌಕರನನ್ನೂ ಗುಂಪಿನಿಂದ ಕೈಬಿಡಬೇಕು. ಆತನ ಚಾಲ್ತಿಯಲ್ಲಿರುವ ಲಾಗಿನ್ ಮುಗಿಯುವವರೆಗೆ ಹಳೆಯ ಹಕ್ಕು ಉಳಿದಿರುತ್ತದೆಂಬುದನ್ನು ಮರೆಯಬಾರದು. ಕೆಲಸಕ್ಕೆ ಅಗತ್ಯವಿದ್ದಷ್ಟೇ ಅನುಮತಿ, ಅಗತ್ಯ ಮುಗಿದೊಡನೆ ಅದರ ರದ್ದತಿ: ದಾಖಲೆಯ ವಿಶ್ವಾಸಾರ್ಹತೆ ಈ ಎರಡನ್ನೇ ಅವಲಂಬಿಸಿದೆ.