ಗೀರು ಬಿದ್ದ ಸಿ.ಡಿ.ಗಳ ಸಂಗ್ರಹ

ಪುಟ್ಟೇನಹಳ್ಳಿಯ ನಮ್ಮ ಮನೆಯ ಕಪಾಟಿನಲ್ಲಿ ಹಳೆಯ ಕನ್ನಡ ಚಿತ್ರಗಳ ವಿ.ಸಿ.ಡಿ.ಗಳಿವೆ. 1993ರಲ್ಲಿ ರೂಪುಗೊಂಡ ಈ ಬಗೆಯ ಒಂದು ಸಿ.ಡಿ.ಯಲ್ಲಿ ಹಿಡಿಸುತ್ತಿದ್ದುದು ಸುಮಾರು 74 ನಿಮಿಷ. ಎರಡೂವರೆ ಗಂಟೆಯ ಚಿತ್ರಕ್ಕೆ ಎರಡು ಸಾಲದು. ಮೂರನೆಯದರ ಖರ್ಚು ಉಳಿಸಲು ಸಣ್ಣ ಕಂಪನಿಯವರು ಕತ್ತರಿ ಆಡಿಸಿದರೆ ಹೋಗುವುದು ಹಾಡೋ, ಹಾಸ್ಯವೋ! ಚಿತ್ರವೂ ಮಸುಕು.

ಆದರೂ ಎಸೆಯಲು ಮನಸ್ಸಾಗದು. 1934ರಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ದ ಪ್ರತಿಯೇ ಸಿಕ್ಕಿಲ್ಲವಲ್ಲ. ‘ಸತ್ಯ ಹರಿಶ್ಚಂದ್ರ’ (1965) 2008ರಲ್ಲಿ, ‘ಕಸ್ತೂರಿ ನಿವಾಸ’ (1971) 2014ರಲ್ಲಿ ಬಣ್ಣ ತಳೆದು ಚಿತ್ರಮಂದಿರಕ್ಕೆ ಮರಳಿದವು. ರಾಜ್‌ಕುಮಾರ್ ಇದ್ದರು, ಸರಿ. ಹೆಸರಿಲ್ಲದ ಕಪ್ಪುಬಿಳುಪು ಚಿತ್ರಗಳಿಗೆ ಆ ಭಾಗ್ಯವೆಲ್ಲಿ? ಗೀರು ಬಿದ್ದ ಸಿ.ಡಿ.ಯೇ ಗತಿ.

ಅದರ ಹೊಳಪಿನ ಲೇಪವೂ ತೇವಕ್ಕೆ ಕೆಡುತ್ತದೆ. ಮಳೆಗಾಲ ಬರುವ ಮುನ್ನ ಎಲ್ಲವನ್ನೂ ಒರೆಸಿ, ಓಡುವುದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತೇನೆ.