ಎಸಿ ಕಂಪ್ರೆಸರ್ ಹೋಯ್ತು ಅನ್ನುವ ಮೊದಲು ಆ ತಗಡಿನ ಡಬ್ಬಿ ನೋಡಿ

ಮೇ ತಿಂಗಳ ಒಂದು ಮಧ್ಯಾಹ್ನ ಕಾಟಿಪಳ್ಳದ ಮನೆಯಿಂದ ಅಮ್ಮ ಫೋನ್ ಮಾಡಿದರು. "ಎಸಿ ಓಡ್ತದೆ, ಆದ್ರೆ ತಂಪೇ ಇಲ್ಲ ಮಾರಾಯ. ಮೆಕ್ಯಾನಿಕ್ ಬಂದು ನೋಡಿದ್ರು, ಕಂಪ್ರೆಸರ್ ಹೋಗಿದೆಯಂತೆ. ಹದಿನೆಂಟು ಸಾವಿರ ಆಗ್ತದಂತೆ, ಅದಕ್ಕಿಂತ ಹೊಸತೇ ತಗೊಳ್ಳಿ ಅಂತ ಹೇಳಿ ಹೋದ್ರು."

ಮೀಟರ್ ಹಿಡಿದು ಏನಾದರೂ ಅಳೆದರಾ ಅಂತ ಕೇಳಿದೆ. ಇಲ್ಲ, ಔಟ್‌ಡೋರ್ ಯೂನಿಟ್‌ಗೆ ಕಿವಿಗೊಟ್ಟು ಕೇಳಿದರಂತೆ, ಅಷ್ಟೆ.

ಹಾಸಿಗೆ ಹಿಡಿದ ಅಜ್ಜಿ ಇರುವ ಕೋಣೆ ಅದು. ಶನಿವಾರ ಊರಿಗೆ ಹೋಗಿ ನಾನೇ ತೆರೆದು ನೋಡಿದೆ. ಕೆಪಾಸಿಟರ್ ಮೇಲೆ 50 ಮೈಕ್ರೋಫ್ಯಾರಡ್ ಅಂತ ಬರೆದಿತ್ತು, ಮೀಟರ್ 31 ತೋರಿಸಿತು. ಕೆಲವು ನೂರು ರೂಪಾಯಿಯ ಹೊಸ ಕೆಪಾಸಿಟರ್ ಹಾಕಿದ ಮೇಲೆ ಹದಿನೆಂಟು ಸಾವಿರದ ಆ ಕಂಪ್ರೆಸರ್ ಎದ್ದು ಕೂತಿತು. ಈಗಲೂ ಓಡ್ತಿದೆ.

ಎಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವನಿಗೆ ಮನೆಯಲ್ಲಿ ಮರ್ಯಾದೆ ಸಿಕ್ಕ ಅಪರೂಪದ ದಿನ ಅದು. ಆದರೆ ಈ ಕೆಲಸಕ್ಕೆ ಡಿಗ್ರಿ ಬೇಕಾಗಿಲ್ಲ, ಏನನ್ನು ಅಳೆಯಬೇಕು ಅನ್ನುವುದು ಗೊತ್ತಿದ್ದರೆ ಸಾಕು.

ಮನೆಗೆ ಬರುವುದು ಸಿಂಗಲ್ ಫೇಸ್ ಕರೆಂಟ್. ಅದೊಂದರಿಂದ ಮೋಟರ್ ತಾನಾಗಿ ತಿರುಗಲು ಶುರು ಮಾಡುವುದಿಲ್ಲ, ನಿಂತಲ್ಲೇ ಗುಂಯ್ ಅನ್ನುತ್ತದೆ. ಹಾಗಾಗಿ ಕಂಪ್ರೆಸರ್ ಒಳಗೆ ಎರಡು ವೈಂಡಿಂಗ್ ಇರುತ್ತವೆ. ಎರಡನೆಯದಕ್ಕೆ ಸರಣಿಯಲ್ಲಿ ಕೆಪಾಸಿಟರ್ ಜೋಡಿಸಿದರೆ ಅಲ್ಲಿನ ಕರೆಂಟ್‌ನ ಅಲೆ ಸ್ವಲ್ಪ ಮುಂದಕ್ಕೆ ಸರಿಯುತ್ತದೆ, ತಿರುಗುವ ಕಾಂತಕ್ಷೇತ್ರ ಹುಟ್ಟುತ್ತದೆ. ಸ್ಟಾರ್ಟ್ ಆದ ಮೇಲೂ ಈ ಕೆಪಾಸಿಟರ್ ಸರ್ಕ್ಯೂಟ್‌ನಲ್ಲೇ ಉಳಿಯುವುದರಿಂದ ಅದಕ್ಕೆ ರನ್ ಕೆಪಾಸಿಟರ್ ಅನ್ನುವ ಹೆಸರು. ಕಪ್ಪು ಪ್ಲಾಸ್ಟಿಕ್ ಡಬ್ಬಿಯ ಸ್ಟಾರ್ಟ್ ಕೆಪಾಸಿಟರ್ ಬೇರೆ ಜಾತಿ. ಅದನ್ನು ಮಾಡಿರುವುದು ಕೆಲವೇ ಸೆಕೆಂಡ್ ಕೆಲಸಕ್ಕೆ. ರನ್ ಜಾಗದಲ್ಲಿ ಹಾಕಿದರೆ ಸಿಡಿಯುತ್ತದೆ.

ಹೆಸರಿನ ಬಗ್ಗೆ ಇನ್ನೊಂದು ಮಾತು. ನಮ್ಮ ಕಡೆ ಸೀಲಿಂಗ್ ಫ್ಯಾನಿನ ಕೆಪಾಸಿಟರಿಗೆ 'ಕಂಡೆನ್ಸರ್' ಅನ್ನುವ ರೂಢಿ ಉಂಟು. ಎಸಿಯಲ್ಲಿ ಕಂಡೆನ್ಸರ್ ಅಂದರೆ ಹೊರಗಿನ ದೊಡ್ಡ ಕಾಯಿಲ್. "ಕಂಡೆನ್ಸರ್ ಹೋಗಿದೆ" ಅಂತ ಯಾರಾದರೂ ಹೇಳಿದರೆ ಯಾವುದು ಅಂತ ಕೈ ತೋರಿಸಿ ಕೇಳಿ. ಬೆಲೆಯಲ್ಲಿ ಸಾವಿರಾರು ರೂಪಾಯಿ ವ್ಯತ್ಯಾಸ ಇದೆ.

ಒಳಗೆ ಇರುವುದು ಪಾಲಿಪ್ರೊಪಿಲೀನ್ ಹಾಳೆ, ಅದರ ಮೇಲೆ ತೆಳುವಾದ ಲೋಹದ ಲೇಪ. ಎಲ್ಲಾದರೂ ಸಣ್ಣ ತೂತು ಬಿದ್ದರೆ ಸುತ್ತಲಿನ ಲೋಹ ಆವಿಯಾಗಿ ಹೋಗಿ ಶಾರ್ಟ್ ತಪ್ಪುತ್ತದೆ. ಪ್ರತಿ ಸಲವೂ ಒಂದಿಷ್ಟು ಕೆಪಾಸಿಟಿ ಕಡಿಮೆಯಾಗುತ್ತದೆ. ಬಿಸಿ ಮತ್ತು ಹೆಚ್ಚು ವೋಲ್ಟೇಜ್ ಇದನ್ನು ಜೋರು ಮಾಡುತ್ತವೆ. ತೇವ ಒಳಗೆ ಹೋದರೆ ಲೇಪವನ್ನೇ ತಿನ್ನುತ್ತದೆ. ನವಮಂಗಳೂರು ಬಂದರಿಗಾಗಿ ಪಣಂಬೂರು ಕಡೆಯಿಂದ ಎಬ್ಬಿಸಿದ ಕುಟುಂಬಗಳಿಗೆ ಬ್ಲಾಕ್ ಲೆಕ್ಕದಲ್ಲಿ ಸೈಟ್ ಕೊಟ್ಟು ಕಟ್ಟಿದ ಊರು ಕಾಟಿಪಳ್ಳ. ಕಡಲ ತಡಿ ಬಿಟ್ಟು ಬಂದರೂ ಕಡಲಿನ ಗಾಳಿ ಬಿಡಲಿಲ್ಲ. ಸುರತ್ಕಲ್ ಕಡೆಯಿಂದ ಬೀಸುವ ಉಪ್ಪುಗಾಳಿಗೆ ಔಟ್‌ಡೋರ್ ಯೂನಿಟ್‌ನ ಸ್ಕ್ರೂ, ಟರ್ಮಿನಲ್ ಎಲ್ಲ ತುಕ್ಕು. ತುಕ್ಕು ಹಿಡಿದ ಟರ್ಮಿನಲ್ ಬಿಸಿಯಾಗುತ್ತದೆ, ಆ ಬಿಸಿ ಕೆಪಾಸಿಟರಿಗೂ ಇಳಿಯುತ್ತದೆ.

ಲಕ್ಷಣ ಹೀಗಿರುತ್ತದೆ. ಒಳಗಿನ ಯೂನಿಟ್ ಗಾಳಿ ಬಿಡುತ್ತದೆ, ತಂಪಿಲ್ಲ. ಹೊರಗೆ ಕೆಲವು ಸೆಕೆಂಡ್ ಗುಂಯ್ ಅಂದು, ಟಕ್ ಅಂತ ಓವರ್‌ಲೋಡ್ ಕಟ್ ಆಗುತ್ತದೆ. ನಾಲ್ಕೈದು ನಿಮಿಷ ಬಿಟ್ಟು ಮತ್ತೆ ಅದೇ ಕತೆ. ಕಂಪ್ರೆಸರ್ ಓಡಿ ಹೊರಗಿನ ಫ್ಯಾನ್ ಮಾತ್ರ ನಿಂತಿದ್ದರೆ ಫ್ಯಾನಿನ ಸಣ್ಣ ಕೆಪಾಸಿಟರ್ ನೋಡಿ. ಡಬ್ಬಿಯ ತಲೆ ಉಬ್ಬಿದ್ದರೆ, ಎಣ್ಣೆ ಜಿನುಗಿದ್ದರೆ ಅಳೆಯುವುದೂ ಬೇಡ, ಬದಲಿಸಿ. ಆದರೆ ಉಬ್ಬಿಲ್ಲ ಅಂದ ಮಾತ್ರಕ್ಕೆ ಸರಿ ಇದೆ ಅಂತಲೂ ಅಲ್ಲ. ನಮ್ಮನೆಯದ್ದು ಹೊಸದರಂತೆ ಕಾಣುತ್ತಿತ್ತು.

ಇದೇ ಗುಂಯ್ ಸದ್ದಿಗೆ ಇನ್ನೊಂದು ಕಾರಣ ವೋಲ್ಟೇಜ್. ಮೋಟರಿನ ಎಳೆಯುವ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. 230 ಇರಬೇಕಾದಲ್ಲಿ 180 ಬಂದರೆ ಶೇ. 60ರಷ್ಟು ಮಾತ್ರ ಉಳಿಯುತ್ತದೆ. ಸೆಖೆಗಾಲದ ರಾತ್ರಿ ಬೀದಿಯ ಎಲ್ಲ ಎಸಿ ಒಟ್ಟಿಗೆ ಓಡುವಾಗ ಮಾತ್ರ ಸ್ಟಾರ್ಟ್ ಆಗದೆ, ಬೆಳಗ್ಗೆ ಆಗುತ್ತದೆ ಅಂದರೆ ಮೊದಲು ಸಪ್ಲೈ ಅಳೆಯಿರಿ. ನಂತರ ಮೆಸ್ಕಾಂಗೆ ದೂರು ಕೊಡಬಹುದು, ಸ್ಟೆಬಿಲೈಸರ್ ಹಾಕಿಸಬಹುದು.

ನಿಮ್ಮದು ಇನ್ವರ್ಟರ್ ಎಸಿ ಆದರೆ ಇಲ್ಲಿಂದ ಮುಂದಿನದ್ದು ನಿಮಗಲ್ಲ. ಅದರ ಕಂಪ್ರೆಸರಿಗೆ ರನ್ ಕೆಪಾಸಿಟರ್ ಇರುವುದಿಲ್ಲ, ಎಲ್ಲ ಬೋರ್ಡ್ ಮೇಲೆ. ಆ ಬೋರ್ಡಿನ ಕೆಪಾಸಿಟರುಗಳಲ್ಲಿ 300 ವೋಲ್ಟಿಗೂ ಹೆಚ್ಚು ಡಿಸಿ ನಿಂತಿರುತ್ತದೆ, ಮನೆಯಲ್ಲಿ ತೆರೆಯಬೇಡಿ.

ಹೊಸದು ಕೊಳ್ಳುವಾಗ ಲೇಬಲ್ ಓದಿ. ಮೈಕ್ರೋಫ್ಯಾರಡ್ ಅಥವಾ 'ಎಂಎಫ್‌ಡಿ' ಅಂತ ಇರುವ ಅಂಕಿ ಹಳೆಯದರಷ್ಟೇ ಇರಬೇಕು. ಒಂದೂವರೆ ಟನ್ನಿನ ಮಾಮೂಲಿ ಎಸಿಯಲ್ಲಿ 45 ಅಥವಾ 50 ಹೆಚ್ಚಾಗಿ ಕಾಣುತ್ತದೆ, ಒಂದು ಟನ್ನಿಗೆ 30ರ ಆಸುಪಾಸು, ಫ್ಯಾನಿಗೆ 2ರಿಂದ 6. ಆದರೆ ಟನ್ ಲೆಕ್ಕ ನೋಡಿ ಕೊಳ್ಳಬೇಡಿ. ಯೂನಿಟ್‌ನ ಮುಚ್ಚಳದ ಒಳಗೆ ಅಂಟಿಸಿದ ವೈರಿಂಗ್ ನಕ್ಷೆಯನ್ನೇ ನಂಬಿ, ಯಾಕಂದ್ರೆ ಹಳೆಯದ್ದನ್ನೇ ಯಾರೋ ತಪ್ಪು ಹಾಕಿರಬಹುದು. ಶೇ. 5ರಷ್ಟು ಹೆಚ್ಚುಕಡಿಮೆ ನಡೆಯುತ್ತದೆ, 50ಕ್ಕೆ 47.5ರಿಂದ 52.5.

"ಸ್ವಲ್ಪ ದೊಡ್ಡದು ಹಾಕಿದ್ರೆ ಗಟ್ಟಿ" ಅನ್ನುವವರು ಎಲ್ಲ ಊರಲ್ಲೂ ಇದ್ದಾರೆ. ಪಕ್ಕದ ಮನೆಯ ಕಾಕನ ಎಸಿಗೆ 25ರ ಜಾಗದಲ್ಲಿ 36 ಹಾಕಿದ್ದರು. ಕೆಪಾಸಿಟರ್ ದೊಡ್ಡದಾದಷ್ಟೂ ಎರಡನೇ ವೈಂಡಿಂಗಿನಲ್ಲಿ ಕರೆಂಟ್ ಹೆಚ್ಚು, ಬಿಸಿ ಹೆಚ್ಚು. ಆರು ತಿಂಗಳಿಗೆ ಆ ವೈಂಡಿಂಗೇ ಸುಟ್ಟಿತು. ಅದೊಂದೇ ಕಾರಣ ಅಂತ ನಾನು ಪ್ರಮಾಣ ಮಾಡಲಾರೆ, ಆದರೆ ಸುಟ್ಟದ್ದು ಅದೇ ವೈಂಡಿಂಗ್. ಮಗ ಗಲ್ಫ್‌ನಿಂದ ರಜೆಗೆ ಬಂದಾಗ ಹಾಕಿಸಿಕೊಟ್ಟ ಎಸಿ. "ದೊಡ್ಡದು ಒಳ್ಳೇದಂತ ಅಲ್ವಾ ಹೇಳಿದ್ದು?" ಅಂತ ಕಾಕ ನನ್ನನ್ನೇ ಕೇಳಿದರು.

ವೋಲ್ಟ್ ವಿಷಯ ಉಲ್ಟಾ, ಇಲ್ಲಿ ಹೆಚ್ಚಿದ್ದರೆ ಅಡ್ಡಿ ಇಲ್ಲ, ಕಡಿಮೆ ಆಗಬಾರದು. ಸಪ್ಲೈ 230 ಇದ್ದರೂ ಓಡುವಾಗ ಕೆಪಾಸಿಟರಿನ ಎರಡು ತುದಿಗಳ ನಡುವೆ 300 ದಾಟಿ ಇರುತ್ತದೆ. ಅದಕ್ಕೇ 440 ವೋಲ್ಟಿನದ್ದು ಹಾಕುವುದು. ಐಎಸ್ 2993 ಅನ್ನುವುದು ಈ ಮೋಟರ್ ಕೆಪಾಸಿಟರುಗಳ ಭಾರತೀಯ ಮಾನದಂಡ, ಆ ನಂಬರ್ ಇದೆಯಾ ನೋಡಿ. ಕ್ಲಾಸ್ 'ಬಿ' ಅಂದರೆ 10,000 ಗಂಟೆ, 'ಸಿ' ಅಂದರೆ 3,000 ಗಂಟೆ. ಬಿ ಕೇಳಿ ತಗೊಳ್ಳಿ. 25/70/21 ಥರದ ಅಂಕಿಯಲ್ಲಿ ನಡುವಿನದ್ದು ತಾಳುವ ಗರಿಷ್ಠ ಉಷ್ಣತೆ, ಕೊನೆಯದ್ದು ತೇವದ ಬಿಸಿಯಲ್ಲಿ ಪರೀಕ್ಷೆ ಮಾಡಿದ ದಿನಗಳು. ಬಿಸಿಲಿಗೆ ಮುಖ ಮಾಡಿದ ಗೋಡೆಯಾದರೆ 70ರ ಬದಲು 85 ಇರುವುದು ಹುಡುಕಿ.

ಇನ್ನು ಬದಲಿಸುವ ಕೆಲಸ. ಯೂನಿಟ್ ಮೊದಲ ಮಹಡಿಯ ಗೋಡೆಗೆ ತೂಗಿದ್ದರೆ ಮುಟ್ಟಬೇಡಿ. ಶಾಕಿಗಿಂತ ಅಲ್ಲಿ ಬೀಳುವ ಅಪಾಯವೇ ದೊಡ್ಡದು. ಸಾಮಾನು ನೀವು ತನ್ನಿ, ಹಾಕಲು ಮೆಕ್ಯಾನಿಕ್ ಕರೆಯಿರಿ. ಟೆರೇಸಿನಲ್ಲಿದ್ದು, ಕರೆಂಟ್ ಕೆಲಸ ರೂಢಿ ಇದ್ದರೆ ಮಾತ್ರ ಮುಂದುವರಿಯಿರಿ. ರಿಮೋಟಿನಲ್ಲಿ ಆಫ್ ಮಾಡಿದ್ದು ಆಫ್ ಅಲ್ಲ. ಎಂಸಿಬಿ ಇಳಿಸಿ, ಔಟ್‌ಡೋರ್ ಟರ್ಮಿನಲ್‌ನಲ್ಲಿ ಫೇಸ್, ನ್ಯೂಟ್ರಲ್ ಎರಡರಲ್ಲೂ ಕರೆಂಟ್ ಇಲ್ಲ ಅಂತ ಮೀಟರಿನಲ್ಲಿ ಖಚಿತ ಮಾಡಿಕೊಳ್ಳಿ. ಹಳೆ ಮನೆಗಳಲ್ಲಿ ಎಂಸಿಬಿಯನ್ನು ನ್ಯೂಟ್ರಲ್‌ಗೆ ಹಾಕಿದ್ದೂ ನೋಡಿದ್ದೇನೆ.

ಆಮೇಲೆ ಕೆಪಾಸಿಟರ್ ಖಾಲಿ ಮಾಡಬೇಕು. ಸಾಮಾನ್ಯವಾಗಿ ವೈಂಡಿಂಗ್ ಮೂಲಕ ಅದು ತಾನೇ ಖಾಲಿಯಾಗುತ್ತದೆ. ಆದರೆ ಒಂದು ವೈರ್ ಬಿಟ್ಟಿದ್ದರೆ ಆಗುವುದಿಲ್ಲ, ನೀವು ತೆರೆದಿರುವುದೇ ಏನೋ ಕೆಟ್ಟಿದೆ ಅಂತ ಅಲ್ವಾ? ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸುವುದನ್ನು ಯೂಟ್ಯೂಬಿನಲ್ಲಿ ಬೇಕಾದಷ್ಟು ಕಾಣಬಹುದು. ಈಗಿನ ಎಸಿಗಳಲ್ಲಿರುವ ಆರ್-32 ಗ್ಯಾಸ್ ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳುವಂಥದ್ದು, ಅದರ ಹತ್ತಿರ ಕಿಡಿ ಬೇಡ. 20 ಕಿಲೋ ಓಮ್, 5 ವ್ಯಾಟಿನ ರೆಸಿಸ್ಟರಿಗೆ ಇನ್ಸುಲೇಟೆಡ್ ಕ್ಲಿಪ್ ಹಾಕಿ ಹತ್ತು ಸೆಕೆಂಡ್ ಹಿಡಿಯಿರಿ, ನಂತರ ಡಿಸಿ ವೋಲ್ಟ್ ಸೊನ್ನೆ ಇದೆಯಾ ಅಳೆಯಿರಿ.

ವೈರ್ ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಎರಡು ಟರ್ಮಿನಲ್ ಇದ್ದರೆ ಅದಲು ಬದಲಾದರೂ ತೊಂದರೆ ಇಲ್ಲ. ಕಂಪ್ರೆಸರ್, ಫ್ಯಾನ್ ಎರಡಕ್ಕೂ ಒಂದೇ ಡಬ್ಬಿ ಇದ್ದರೆ ಮೂರು ಗುಂಪು ಇರುತ್ತವೆ: 'ಸಿ' ಸಾಮಾನ್ಯ, 'ಹರ್ಮ್' ಕಂಪ್ರೆಸರ್, ಇನ್ನೊಂದು ಫ್ಯಾನ್. ಇವು ತಪ್ಪಬಾರದು. ಸಡಿಲವಾದ ಅಥವಾ ಕಪ್ಪಾದ ಲಗ್ ಇದ್ದರೆ ಅದನ್ನೂ ಬದಲಿಸಿ, ಇಲ್ಲದಿದ್ದರೆ ಹೊಸ ಕೆಪಾಸಿಟರ್ ಹಾಕಿಯೂ ಪ್ರಯೋಜನ ಇಲ್ಲ.

ಆದರೂ ಸ್ಟಾರ್ಟ್ ಆಗಲಿಲ್ಲ ಅಂದರೆ ಈಗ ಕಂಪ್ರೆಸರ್ ಮೇಲೆ ಅನುಮಾನ ಪಡಬಹುದು. ಮತ್ತೆ ಕರೆಂಟ್ ತೆಗೆದು, ಕಂಪ್ರೆಸರಿನ ಸಿ, ಆರ್, ಎಸ್ ಟರ್ಮಿನಲ್‌ಗಳ ವೈರ್ ಬಿಡಿಸಿ ಓಮ್ ಅಳೆಯಿರಿ. ಆರ್-ಎಸ್ ನಡುವಿನದ್ದು ಉಳಿದೆರಡರ ಮೊತ್ತಕ್ಕೆ ಸಮ ಬರಬೇಕು, ಬಾಡಿಗೆ ಯಾವುದೂ ತಗಲಬಾರದು. ಆರ್-ಎಸ್ ಸರಿ ಇದ್ದು ಸಿ ಮಾತ್ರ ಓಪನ್ ತೋರಿಸಿದರೆ ಒಳಗಿನ ಓವರ್‌ಲೋಡ್ ಬಿಸಿಗೆ ತೆರೆದಿರುವ ಸಾಧ್ಯತೆ ಹೆಚ್ಚು. ಒಂದೆರಡು ಗಂಟೆ ತಣಿಯಲು ಬಿಟ್ಟು ಮತ್ತೆ ನೋಡಿ. ಎಷ್ಟೋ ಕಂಪ್ರೆಸರುಗಳು 'ಸತ್ತಿದೆ' ಅನ್ನಿಸಿಕೊಳ್ಳುವುದು ಈ ಎರಡು ಗಂಟೆಯೊಳಗೆ.

ಮೆಕ್ಯಾನಿಕ್‌ಗಳನ್ನು ಮಾತ್ರ ಬೈದು ಪ್ರಯೋಜನ ಇಲ್ಲ. ವಿಸಿಟ್ ಲೆಕ್ಕದಲ್ಲಿ ದುಡಿಯುವ ಹುಡುಗನಿಗೆ ಅಳೆಯುತ್ತಾ ಕೂರಲು ಸಮಯ ಎಲ್ಲಿ? ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು 'ರೈಟ್ ಟು ರಿಪೇರ್' ಪೋರ್ಟಲ್ ಶುರು ಮಾಡಿತು, ಗೃಹೋಪಯೋಗಿ ಸಾಧನಗಳೂ ಅದರಲ್ಲಿ ಸೇರಿವೆ. ಆದರೆ ಆ ಹಕ್ಕು ಮನೆಯ ಬಾಗಿಲಿಗೆ ಬರಬೇಕಾದರೆ ನಾವು ಕೇಳಬೇಕಾದದ್ದು ಸಣ್ಣ ಪ್ರಶ್ನೆ: "ಎಷ್ಟು ಎಂಎಫ್‌ಡಿ ತೋರಿಸ್ತು?" ಅಂಕಿ ಹೇಳದೆ ಕಂಪ್ರೆಸರ್ ಬದಲಿಸಿ ಅಂದರೆ ದುಡ್ಡು ಕೊಡಬೇಡಿ, ಬಿಲ್‌ನಲ್ಲಿ ಬರೆಸಿ. ತಕರಾರಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಅಮ್ಮನ ಮನೆಯ ಕೆಪಾಸಿಟರ್ ಮೇಲೆ ಹಾಕಿದ ದಿನ, ಅಂದು ಬಂದ ರೀಡಿಂಗ್ ಎರಡನ್ನೂ ಮಾರ್ಕರಿನಲ್ಲಿ ಬರೆದಿಟ್ಟಿದ್ದೇನೆ. ವರ್ಷಕ್ಕೊಮ್ಮೆ ಏಪ್ರಿಲ್‌ಗೆ ಮುಂಚೆ ಊರಿಗೆ ಹೋದಾಗ ಅಳೆಯುತ್ತೇನೆ. 49.6 ಇದ್ದದ್ದು ಈ ಸಲ 48.9.