ಪಿಎಸ್ಎ ಅನ್ನೋ ಅರ್ಧ ಸತ್ಯ

ಪಿಎಸ್ಎ ಜಾಸ್ತಿ ಅಂದ ಕೂಡಲೇ ಮನೆಮಂದಿಯೆಲ್ಲ ಗಾಬರಿಯಾಗುವುದನ್ನು ನೋಡಿದ್ದೇನೆ. ಸ್ವಲ್ಪ ಇತಿಹಾಸ ನೋಡೋಣ.

ಪ್ರಾಸ್ಟೇಟ್ ಕ್ಯಾನ್ಸರ್ ಗಂಡು ಹಾರ್ಮೋನಿನಿಂದ ಬೆಳೆಯುತ್ತದೆಂದು 1941ರಲ್ಲಿ ತೋರಿಸಿದವರು ಶಿಕಾಗೋದ ಚಾರ್ಲ್ಸ್ ಹಗಿನ್ಸ್. 1966ರಲ್ಲಿ ನೊಬೆಲ್ ಬಂತು. ಇಂದಿನ ಹಾರ್ಮೋನ್ ಚಿಕಿತ್ಸೆಗೂ ಅದೇ ಬುನಾದಿ.

ಪತ್ತೆಯ ಕತೆ ಮಾತ್ರ ಗೋಜಲು. ಪಿಎಸ್ಎ ರಕ್ತಪರೀಕ್ಷೆಗೆ ಅಮೆರಿಕದಲ್ಲಿ 1986ರಲ್ಲಿ ಒಪ್ಪಿಗೆ ಸಿಕ್ಕಿದ್ದು ರೋಗಿಗಳ ಮೇಲೆ ನಿಗಾ ಇಡಲು; ರೋಗ ಹುಡುಕಲು ಸಿಕ್ಕಿದ್ದು 1994ರಲ್ಲಿ. ಆದರೆ ವಯಸ್ಸಾಗಿ ಗ್ರಂಥಿ ದಪ್ಪವಾದರೂ, ಸೋಂಕಾದರೂ ಪಿಎಸ್ಎ ಏರುತ್ತೆ. ಎಂದೂ ಕಾಡದಂಥ ಗಡ್ಡೆಗೂ ಆಪರೇಷನ್ ಆಗಿ ಮೂತ್ರದ ಹಿಡಿತ ಕಳೆದುಕೊಂಡವರುಂಟು. 2012ರಲ್ಲಿ ಅಲ್ಲಿನ ತಜ್ಞರ ಸಮಿತಿ ಈ ತಪಾಸಣೆಯೇ ಬೇಡ ಎಂದಿತು. 2018ರಲ್ಲಿ, 55ರಿಂದ 69ರವರು ವೈದ್ಯರೊಡನೆ ಮಾತಾಡಿ ನಿರ್ಧರಿಸಲಿ ಎಂದಿತು.

ಅಪ್ಪನಿಗೋ ಅಣ್ಣನಿಗೋ ಬಂದಿದ್ದರೆ ಅಪಾಯ ಹೆಚ್ಚು, ಬೇಗ ವಿಚಾರಿಸಿ. ಆದರೆ ಒಂದೇ ಒಂದು ಅಂಕಿಗೆ ಹೆದರಿ ಆಪರೇಷನ್‌ಗೆ ಓಡಬೇಡಿ... ಏನಂತೀರಿ?